ಸ್ಟೀಲ್ ಡಬ್ಬಿಯ ಪರವಾಗಿ

ನನ್ನ ವಾದ ತಪ್ಪಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ಹೋದವರಿಗೆ ಹಾಗನ್ನಿಸಲಿಕ್ಕಿಲ್ಲ. ನೀರು ಕಾಯಿಸುವ ಕಾಯಿಲ್ಲಿನ ಹಿಂಬದಿಗೆ, ವಯರು ಬಂದು ಸೇರುವ ಜಾಗಕ್ಕೆ, ಎಂಥ ಡಬ್ಬಿ ಹೊದಿಸಬೇಕು ಎಂದು ಯಾರಾದರೂ ಇವತ್ತು ಕೇಳಿದರೂ ನಾನು ಅವತ್ತು ಹೇಳಿದ್ದನ್ನೇ ಹೇಳಬೇಕಾಗುತ್ತದೆ: ಲೋಹದ ಡಬ್ಬಿ, ಅದಕ್ಕೆ ಗಟ್ಟಿಯಾದ ಅರ್ತಿಂಗ್. ಅದು ಸರಿಯಾದ ಉತ್ತರ. ನಮ್ಮ ಅತ್ತೆಯ ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಕಲೆಗಳು ಬಿದ್ದಿರುವುದು ಆ ಸರಿಯಾದ ಉತ್ತರದಿಂದಲೇ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಅರ್ಧ ಮೈಲಿ ನಡೆದರೆ ಅವರ ತೋಟ, ತೋಟದೊಳಗೇ ಮನೆ. ನಮ್ಮದು ಕಂದಿಕೆರೆ. ತಿಪಟೂರಿನಲ್ಲಿ ಭೌತಶಾಸ್ತ್ರ ಓದಿ, ತುರುವೇಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೇಲೆ, ದಿನಾ ಊರಿಂದ ಓಡಾಡಲಾಗದೆ ಅತ್ತೆಯ ಮನೆಯಲ್ಲೇ ಉಳಿದೆ. ನಾನು ಓದಿದ್ದಕ್ಕಿಂತ ಹೆಚ್ಚಾಗಿ ಮಾತಾಡಿ ಬೆಳೆದವಳು. ಕಾಲೇಜಿನ ಅಷ್ಟೂ ವರ್ಷ ಚರ್ಚಾಸ್ಪರ್ಧೆ. ವಿಷಯ ಯಾವುದಾದರೂ ಸರಿ, ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ನಾಲ್ಕು ನಿಮಿಷ, ಮೂರನೇ ನಿಮಿಷಕ್ಕೆ ಎಚ್ಚರಿಕೆಯ ಗಂಟೆ. ಗೆದ್ದು ತಂದ ಪಾರಿತೋಷಕಗಳನ್ನು ಅವ್ವ ಕೊಬ್ಬರಿ ಅಟ್ಟಕ್ಕೆ ಹಾಕಿದ್ದಳು, ಇಲಿಗಳು ನೋಡಿಕೊಳ್ಳಲಿ ಅಂತ. ಅತ್ತೆಯ ಗಂಡನಿಗೆ, ಅಂದರೆ ಮಾವನಿಗೆ, ಈ ಚರಿತ್ರೆಯೆಲ್ಲ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೈಮುಗಿದು, "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ, ಕಟ್ಟೆ ಮೇಲೆ ಕೂತಿರೋ ಬೆಕ್ಕೇ" ಎಂದು ಅವರೇ ಶುರುಮಾಡಿಬಿಡುತ್ತಿದ್ದರು.

ಮಾವ ಅನುಮತಿ ಪಡೆದು ಐದು ತೆಂಗಿನ ಮರಗಳಿಂದ ನೀರಾ ಇಳಿಸುತ್ತಿದ್ದರು. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ತುದಿ ಸವರಿ, ತೊಟ್ಟಿಕ್ಕುವ ಸಿಹಿನೀರನ್ನು ಬೆಳಗ್ಗೆ ಬೇಗ ಇಳಿಸಿ ತರಬೇಕು. ಬಿಸಿಲೇರುವುದರೊಳಗೆ ಕುದಿಯಲು ಇಡದಿದ್ದರೆ ಅದು ಹುಳಿಬಂದು ಹೆಂಡವಾಗುತ್ತದೆ. ಅತ್ತೆಗೆ ಆ ಭಯ ವಿಪರೀತ. "ಲಿಂಗ ಕಟ್ಟಿರೋ ಮನೇಲಿ ಹೆಂಡದ ವಾಸನೆ ಬಂದ್ರೆ ನಾನು ತಲೆ ಎತ್ಕೊಂಡು ಓಡಾಡಕ್ಕಾಯ್ತದಾ?" ಅನ್ನುವಳು. ಹಾಗಾಗಿ ಮಾವ ಮರದಿಂದ ಇಳಿಯುವುದರೊಳಗೆ ಒಲೆ ಉರಿಯುತ್ತಿರಬೇಕು. ಒಲೆ ಹಚ್ಚುವ ಮುಂಚೆ ಸ್ನಾನ ಮಾಡಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಲ್ಲಿ ತನ್ನ ಹಣೆಗೆ ಹಚ್ಚಿಕೊಂಡು, ಅದೇ ಬೆರಳಲ್ಲಿ ಒಲೆಯ ಕಲ್ಲಿಗೂ ಮೂರು ಗೆರೆ ಎಳೆಯುವಳು. ಆಮೇಲೆ ಕಾಯಿಮಟ್ಟೆ, ಚಿಪ್ಪು, ಒಣ ಸೋಗೆ. ಮೂರು ನಾಲ್ಕು ಗಂಟೆ ಕುದಿದು, ಕೊಳಗದ ತುಂಬ ಇದ್ದ ನೀರಾ ತಳದಲ್ಲಿ ಕೆಂಪಗೆ ನಾಲ್ಕು ಬೆರಳಷ್ಟು ಉಳಿಯುತ್ತಿತ್ತು. ಅದನ್ನು ಕಡೆದು ಚಿಪ್ಪಿಗೆ ಹುಯ್ದರೆ ಬೆಲ್ಲದ ಉಂಡೆ.

ಆ ಬೆಲ್ಲಕ್ಕೆ ಸುತ್ತಲ ಊರಿನಿಂದ ಜನ ಬರುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಏನೂ ಆಗಲ್ಲ ಅಂತ ಒಂದು ಮಾತು ಹಬ್ಬಿತ್ತು.

"ಅತ್ತೆ, ಇದಕ್ಕೆ ಆಧಾರ ಏನು? ಬೆಲ್ಲ ಅಂದ್ರೆ ಸಕ್ಕರೇನೇ ತಾನೇ?"

"ಆಧಾರ ಬೇಕಾ ನಿಂಗೆ? ತಗೋ, ಬಾಯ್ಬುಡು." ಒಂದು ಚೂರನ್ನು ಬಾಯೊಳಗೆ ತುರುಕಿದಳು. ಎರಡು ನಿಮಿಷ ನನ್ನಿಂದ ಮಾತು ಬರಲಿಲ್ಲ. "ನೋಡು, ಇದೇ ಆಧಾರ. ಬಾಯಿ ಮುಚ್ಚಿಸ್ತದೆ."

ಆದರೆ ಅವಳ ಎದೆ ಹೊಗೆಯಿಂದ ಹಾಳಾಗಿತ್ತು. ತಿಪಟೂರಿನ ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಇನ್ನು ಒಲೆ ಮುಂದೆ ಕೂರಬೇಡಿ, ಕೂತರೆ ನನ್ನ ಹತ್ತಿರ ಬರಬೇಡಿ ಎಂದು ಒಂದೇ ಮಾತಲ್ಲಿ ಹೇಳಿ ಕಳಿಸಿದರು. ಕೆಮ್ಮು ಶುರುವಾದರೆ ಅವಳು ಕಂಬ ಹಿಡಿದು ನಿಲ್ಲುತ್ತಿದ್ದಳು. ಗ್ಯಾಸಿನ ಮೇಲೆ ಮಾಡೋಣವೆಂದರೆ ಅಷ್ಟು ಹೊತ್ತು ಕುದಿಸಲು ಸಿಲಿಂಡರು ಒಂದು ವಾರವೂ ಬರುತ್ತಿರಲಿಲ್ಲ. ಬೆಲ್ಲ ಮಾಡುವುದನ್ನು ಬಿಟ್ಟುಬಿಡು ಎಂದು ಮಾವ ಹೇಳಿದ ದಿನ ಅವಳು ನನ್ನ ಕಡೆ ತಿರುಗಿ ಹೇಳಿದ್ದು ನನಗೆ ನೆನಪಿದೆ.

"ಈ ತೋಟದಾಗೆ ಎಲ್ಲಾನೂ ನಿಮ್ಮಾವಂದು, ಅವರಪ್ಪಂದು, ಅವರ ತಾತಂದು. ಆ ಉಂಡೆ ಒಂದೇ ಕಣವ್ವಾ ನಂದು. ಅದ್ನೂ ಬುಡು ಅಂದ್ರೆ ನಾನೇನು ಇವರ ಮುಖ ನೋಡ್ಕೊಂಡು ಕೂರ್ಲಾ?"

"ಯಾಕೆ, ನನ್ ಮುಖಕ್ಕೇನಾಗೈತೆ?" ಅಂದರು ಮಾವ.

"ಅದ್ನ ನಾನು ಬೇರೆ ಹೇಳ್ಬೇಕಾ?"

ಕರೆಂಟಿನಲ್ಲಿ ಕುದಿಸುವ ಆಲೋಚನೆ ನನ್ನದು. ದೊಡ್ಡ ಸ್ಟೀಲ್ ಕೊಳಗದ ಪಕ್ಕಕ್ಕೆ ತೂತು ಕೊರೆದು, ಒಳಗೆ ಕಾಯಿಲ್ ಕೂರಿಸಿ, ಮುಕ್ಕಾಲು ಪಾಲು ನೀರು ಇಂಗುವವರೆಗೆ ಅದರಲ್ಲಿ ಕುದಿಸುವುದು. ಪಾಕ ಮಂದವಾಗುವ ಹೊತ್ತಿಗೆ ಬಾಣಲೆಗೆ ಬಗ್ಗಿಸಿ ಗ್ಯಾಸಿನ ಮೇಲೆ ಮುಗಿಸುವುದು. ಇಂಥದ್ದನ್ನು ಯಾರಾದರೂ ಮಾಡಿದ್ದಾರೆಯೇ ಎಂದು ಫೋನಿನಲ್ಲಿ ಹುಡುಕಿದೆ. ನೀರಾ ಕಾಯಿಸುವವರು ಸಿಗಲಿಲ್ಲ, ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಹೊರದೇಶದವರು ಸಿಕ್ಕರು. ಅವರ ಕೊಳಗ, ಅವರ ಕಾಯಿಲ್, ಎಲ್ಲ ನಮಗೆ ಬೇಕಾದಂಥದ್ದೇ. ಕಾಯಿಲ್ಲಿನ ಬೆನ್ನಿಗೆ ಯಾವ ಡಬ್ಬಿ ಹಾಕಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಪುಟಗಟ್ಟಲೆ ಜಗಳ. ಒಬ್ಬ ಪ್ಲಾಸ್ಟಿಕ್, ಒಬ್ಬ ಸ್ಟೀಲ್, ಒಬ್ಬ ಅಲ್ಯೂಮಿನಿಯಂ ಎರಕದ್ದು. ಬರೆದವರೆಲ್ಲ ನನ್ನ ಜಾತಿಯವರೇ, ವಾದದ ಜಾತಿ. ನಾನು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅದನ್ನೇ ಓದಿದೆ. ಒಂದು ಸಂಜೆ ಹೊರಗಿನ ಕಟ್ಟೆಯಲ್ಲಿ ವಿಡಿಯೋ ನೋಡುತ್ತಿದ್ದಾಗ ಅತ್ತೆ ಹಿಂದಿನಿಂದ ಇಣುಕಿದಳು.

"ಏನೇ ಅದು ನೊರೆ?"

"ಬಿಯರು."

"ಶಿವನೇ! ಮಾಸ್ತರಿಣಿ ಆಗಿ ಇದ್ನಾ ನೋಡೋದು? ಆ ಗಡ್ಡದೋನು ಹೆಂಡ್ತಿ ಮಕ್ಕಳು ಇರೋನಾ?"

"ಅವನು ಕಾಯಿಸೋ ಪಾತ್ರೆ ನೋಡು ಅತ್ತೆ, ಕಾಯಿಸೋದನ್ನ ಅಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಬಂದು ಕೂತಳು. ಪೂರ್ತಿ ನೋಡಿದಳು. "ಹೊಗೆ ಇಲ್ವಲ್ಲೇ," ಅಂದಳು, ಮೆಲ್ಲಗೆ.

ಸಾಮಾನು ತಂದಿದ್ದು ಮಳೆಗಾಲದಲ್ಲಿ. ಮಾವ ವಯಸ್ಸಿನಲ್ಲಿ ತುರುವೇಕೆರೆಯ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದವರು, ಕೈಕೆಲಸ ಬಲ್ಲವರು. ಕೊಳಗಕ್ಕೆ ತೂತು ಕೊರೆದು ವಾಷರ್ ಹಾಕಿ ಕಾಯಿಲ್ ಕೂರಿಸಿ ಒಂದು ಹನಿ ಸೋರದ ಹಾಗೆ ಮಾಡಿದರು. ಹೊರಗಡೆ ಉಳಿದದ್ದು ಮೊಳೆಯಂಥ ಎರಡು ಹಿತ್ತಾಳೆಯ ತುದಿ. ಅದಕ್ಕೆ ವಯರು ಕಟ್ಟಿ ಮೇಲೆ ಏನನ್ನಾದರೂ ಮುಚ್ಚಬೇಕು. ಕಟ್ಟೆಯ ಮೇಲೆ ಮೂರು ವಸ್ತುಗಳು ಬಂದು ಕೂತವು. ನಾನು ತಂದ ಸ್ಟೀಲ್ ಡಬ್ಬಿ. ಮಾವ ತಂದ ಬಿಳಿ ಪಿವಿಸಿ ಡಬ್ಬಿ. ಮತ್ತೆ ಅತ್ತೆ ಉಜ್ಜಿ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ್ದ ಅರ್ಧ ತೆಂಗಿನ ಚಿಪ್ಪು.

"ಇದೇನತ್ತೆ?"

"ಮುಚ್ಚಕ್ಕೆ ಅಂದ್ರಲ್ಲ. ಸರಿಯಾಗಿ ಕೂರ್ತದೆ ನೋಡು. ಕರೆಂಟು ಹಿಡಿಯಲ್ಲ, ಬಿಸಿ ಹಿಡಿಯಲ್ಲ. ಸೌಟು ಮಾಡ್ಕೊಳ್ಳಲ್ವಾ ಇದ್ರಾಗೆ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಚಿಪ್ಪೇ ಸರಿ ಇತ್ತು ಅಂತ ಈಗಲೂ ನಾನು ಹೇಳುವುದಿಲ್ಲ. ಹಬೆ ಕುಡಿದು ಒದ್ದೆಯಾದರೆ ಅದು ಯಾರನ್ನೂ ಕಾಯುವುದಿಲ್ಲ, ಬಿಸಿಗೆ ಸೀಳುತ್ತದೆ, ಹತ್ತಿದರೆ ಉರಿಯುತ್ತದೆ. ಆದರೆ ನಗಬೇಕಾಗಿರಲಿಲ್ಲ.

ಮಾವನ ಡಬ್ಬಿಯನ್ನು ಮುರಿಯುವುದು ಇನ್ನೂ ಸುಲಭವಾಯಿತು. ಕುದಿಯುವ ನೀರಿನ ಪಾತ್ರೆಗೆ ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಅಂಚು ಮೆತ್ತಗಾಗಿ ಬಾಯಿ ಸೊಟ್ಟಗಾಯಿತು. "ಇದು ಎರಡೇ ತಿಂಗಳಲ್ಲಿ ಬಾಯಿ ಬಿಡುತ್ತೆ ಮಾವ. ಬಿಟ್ಟ ಬಾಯೊಳಗೆ ನೊರೆ ಉಕ್ಕಿ ಹೋಗುತ್ತೆ. ಸ್ಟೀಲಾದರೆ ಕರಗಲ್ಲ, ಸೀಳಲ್ಲ. ಒಳಗೆ ವಯರು ಕಿತ್ತು ತಗುಲಿತು ಅಂತಿಟ್ಕೊಳ್ಳಿ, ಕರೆಂಟು ಅರ್ತಿಗೆ ಓಡುತ್ತೆ, ಫ್ಯೂಸು ಹೋಗುತ್ತೆ, ಅಲ್ಲಿಗೆ ಮುಗೀತು. ಮನುಷ್ಯರು ಮುಟ್ಟೋ ಮುಂಚೆಯೇ ಮುಗಿದಿರುತ್ತೆ."

"ಅರ್ತು ಇದ್ರೆ," ಅಂದರು ಮಾವ.

"ಪಂಪ್‌ಮನೆ ಹಿಂದೆ ಇದೆಯಲ್ಲ?"

"ಐತೆ. ನಮ್ಮಪ್ಪನ ಕಾಲದ್ದು."

ಆ ಗುಂಡಿಯನ್ನು ನಾನು ನೋಡಿದ್ದೆ. ಆಳಕ್ಕೆ ಪೈಪು ಇಳಿಸಿ, ಸುತ್ತ ಚಿಪ್ಪಿನ ಇದ್ದಿಲು, ಉಪ್ಪು ತುಂಬಿ, ಮೇಲೆ ಒಂದು ಮಡಕೆಯ ಕತ್ತು ಹೂತಿದ್ದರು, ನೀರು ಹುಯ್ಯಲು. ಪೈಪಿನಿಂದ ಹೊರಟ ದಪ್ಪ ತಂತಿ ಮೋಟರಿಗೂ ಮನೆಗೂ ಹೋಗಿತ್ತು. ಮಾತಿನಲ್ಲಿ ಒಪ್ಪಿಸಿದರೆ ಸಾಲದು, ಸಾಕ್ಷಿ ಬೇಕು ಎಂದು ನಾನೇ ಮುಂದಾಗಿ ಒಂದು ನೂರು ವಾಟ್ ಬಲ್ಬಿಗೆ ಎರಡು ವಯರು ಕಟ್ಟಿ, ಒಂದನ್ನು ಕರೆಂಟಿಗೆ, ಇನ್ನೊಂದನ್ನು ಅರ್ತಿನ ತಂತಿಗೆ ಹಿಡಿದೆ. ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯಿತು. ಹೊರಗೆ ಜಿಟಿಜಿಟಿ ಮಳೆ ಹುಯ್ಯುತ್ತಿತ್ತು.

"ಇಗೋ. ಇದಕ್ಕಿಂತ ಇನ್ನೇನು ಬೇಕು?"

ಮಾವ ಬಲ್ಬನ್ನು ನೋಡಿದರು, ಆಮೇಲೆ ಮಳೆಯನ್ನು. "ಈಗ ಮಳೆಗಾಲ ಕಣವ್ವಾ."

"ಮಾವ, ಇದು ಸಾಕ್ಷಿ. ನೀವು ಹೇಳ್ತಿರೋದು ಊಹೆ."

ಅವರು ಬಾಯಿ ಸೊಟ್ಟಗಾದ ತಮ್ಮ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ನಿನ್ ಜತೆ ಮಾತಾಡಿ ಗೆದ್ದೋರು ಯಾರವ್ವಾ. ಆಯ್ತು ಬುಡು, ಸ್ಟೀಲೇ ಹಾಕಾನ."

ಎಚ್ಚರಿಕೆಯ ಗಂಟೆ ಬಾರಿಸಿದ್ದರು ಅವರು. ಗಂಟೆ ಕೇಳಿದ ಮೇಲೆ ಸ್ವರ ಏರಿಸಿ ಮುಗಿಸಬೇಕೆಂದು ನನಗೆ ಕಲಿಸಿದ್ದರೇ ಹೊರತು, ನಿಲ್ಲಿಸಿ ಯೋಚಿಸಬೇಕೆಂದು ಯಾರೂ ಕಲಿಸಿರಲಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಬಿಯರಿನವರು ಡಬ್ಬಿಯ ಬಗ್ಗೆ ಜಗಳಾಡುತ್ತಿದ್ದರೇ ವಿನಾ ಅರ್ತಿಂಗಿನ ಬಗ್ಗೆ ಅಲ್ಲ. ಕರೆಂಟು ಒಂದಿಷ್ಟು ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುವ ಒಂದು ಸ್ವಿಚ್ಚು ಅವರೆಲ್ಲರ ಮನೆಯಲ್ಲೂ ಇತ್ತು. ಅದು ಇದ್ದೇ ಇರುತ್ತದೆ ಎಂದುಕೊಂಡು ಅವರು ಮಾತಾಡುತ್ತಿದ್ದರು. ನಾನು ಅವರ ತೀರ್ಮಾನವನ್ನು ಎತ್ತಿಕೊಂಡು ಬಂದೆ. ಅದರ ಕಾಲಡಿಯ ನೆಲ ಅಲ್ಲೇ ಉಳಿಯಿತು.

ಮೊದಲ ದಿನ ಕೊಳಗವನ್ನು ಪಂಪ್‌ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಟ್ಟೆವು. ಡಬ್ಬಿಗೆ ಅರ್ತಿನ ತಂತಿ ಬಿಗಿದು, ನೀರಾ ಹುಯ್ದಾಯಿತು. ಅತ್ತೆ ಸ್ನಾನ ಮಾಡಿ ಬಂದು, ವಿಭೂತಿಯ ಬೆರಳು ಹಿಡಿದುಕೊಂಡು ಕೊಳಗವನ್ನು ಒಂದು ಸುತ್ತು ಹಾಕಿದಳು.

"ಇದ್ರ ಒಲೆ ಎಲ್ಲೈತೆ?"

"ಒಲೆ ಇಲ್ಲ ಅತ್ತೆ, ಕಾಯಿಲ್ ಒಳಗಿದೆ."

"ಬೆಂಕಿ ಎಲ್ಲಿಂದ ಒಳಕ್ಕೋಗ್ತದೆ?"

ನಾನು ಡಬ್ಬಿಯನ್ನು ತೋರಿಸಿದೆ. ಅವಳು ಬಗ್ಗಿ ಅದರ ಮೇಲೆ ಮೂರು ಗೆರೆ ಎಳೆದಳು. ಒದ್ದೆ ಗೆರೆಗಳು ಒಣಗಿ ಬೆಳ್ಳಗಾದವು. ಸ್ಟೀಲಿನ ಮೇಲೆ ಚೆನ್ನಾಗಿಯೇ ಕಾಣುತ್ತಿದ್ದವು. ನಾನು ಏನೋ ಅಣಕ ಮಾಡಿದೆ. "ಡಬ್ಬಿಗೂ ದೀಕ್ಷೆ ಕೊಟ್ಟೆಯಾ?" ಅಂತ ಇರಬೇಕು. "ನೀನು ಸುಮ್ಕಿರೇ, ನಿನಗೆ ಕೊಟ್ಟು ಏನುಪಯೋಗ ಆಯ್ತು?" ಅಂದಳು. ಅಂದಿನಿಂದ ಅದು ದಿನದ ಕ್ರಮವಾಯಿತು. ಮೊದಲು ಡಬ್ಬಿಗೆ ವಿಭೂತಿ, ಆಮೇಲೆ ಸ್ವಿಚ್ಚು. ಹೀಗೆ ಮೊದಲು-ಆಮೇಲೆ ಇದ್ದುದರಿಂದ ನನಗೂ ಅದರಲ್ಲಿ ಅಪಾಯ ಕಾಣಲಿಲ್ಲ.

ಐದಾರು ತಿಂಗಳು ಅವಳ ಕೆಮ್ಮು ನಿಜಕ್ಕೂ ಇಳಿಯಿತು. ನಾನು ನಂಬುವುದು ಕಂಡದ್ದನ್ನು ಮಾತ್ರ, ಇದನ್ನು ಕಂಡಿದ್ದೇನೆ. ಮೆಟ್ಟಿಲು ಹತ್ತಿ ಬಂದು ಮಾತಾಡುತ್ತಿದ್ದಳು, ಮಾತಿನ ಮಧ್ಯೆ ನಿಲ್ಲುತ್ತಿರಲಿಲ್ಲ. ಬೆಲ್ಲದ ಬಣ್ಣ ತಿಳಿಯಾಯಿತು, ಹೊಗೆಯ ರುಚಿ ಹೋಯಿತು. ಒಬ್ಬರಿಬ್ಬರು ಗಿರಾಕಿಗಳು ಹೊಗೆಯ ರುಚಿಯೇ ಚೆನ್ನಾಗಿತ್ತು ಅಂದಾಗ, "ಹಂಗಾದ್ರೆ ನಿಮ್ಮನೇಲೇ ಒಲೆ ಊದ್ಕಂಡು ಕೂರ್ರಿ" ಎಂದು ಕಳಿಸಿದಳು. ಆ ತಿಂಗಳುಗಳಲ್ಲಿ ನಾನು ಎಷ್ಟು ಬೀಗಿದ್ದೆನೆಂದು ನೆನೆಸಿಕೊಂಡರೆ ಈಗ ಮುಖ ಎಲ್ಲಿಡುವುದೋ ತಿಳಿಯುವುದಿಲ್ಲ.

ಬೀಗಿದ ಹುರುಪಿನಲ್ಲೇ ಇನ್ನೊಂದು ವಾದವನ್ನೂ ಗೆದ್ದೆ. ತೋಟಕ್ಕೆ ಅಲ್ಲಿಯವರೆಗೆ ಕಾಲುವೆಯಲ್ಲಿ ನೀರು ಹಾಯಿಸುತ್ತಿದ್ದರು. ತೊಟ್ಟಿಯಿಂದ ಹೊರಟ ಮಣ್ಣಿನ ಕಾಲುವೆ ಪಂಪ್‌ಮನೆಯ ಹಿಂದೆ ಬಳಸಿಕೊಂಡು ಒಂದೊಂದೇ ಮರದ ಪಾತಿಗೆ ಹೋಗುತ್ತಿತ್ತು. ಅರ್ಧ ನೀರು ದಾರಿಯಲ್ಲೇ ಇಂಗುತ್ತದೆ, ಇದು ಪೋಲು, ಡ್ರಿಪ್ ಹಾಕಿಸಿ ಎಂದು ಸಂಕ್ರಾಂತಿಯ ಹೊತ್ತಿಗೆ ಹಟ ಹಿಡಿದೆ. ಅದೂ ಸರಿಯಾದ ವಾದವೇ. ಮಾವ ಒಪ್ಪಿದರು. ಕಪ್ಪು ಪೈಪುಗಳು ಬಂದವು. ಪ್ರತಿ ಮರದ ಬುಡಕ್ಕೂ ಹನಿ ಹನಿಯಾಗಿ ಲೆಕ್ಕದ ನೀರು. ಕಾಲುವೆ ಒಣಗಿ ಅದರಲ್ಲಿ ತುಂಬೆ ಗಿಡ ಎದ್ದಿತು. ದಾರಿಯಲ್ಲಿ ಇಂಗುತ್ತಿದ್ದ ನೀರು ಎಲ್ಲಿ ಇಂಗುತ್ತಿತ್ತು ಎಂದು ನಾನು ಕೇಳಿಕೊಳ್ಳಲಿಲ್ಲ.

ಶಿವರಾತ್ರಿ ಕಳೆದು ಎರಡು ವಾರವಾಗಿರಬಹುದು. ಬೆಳಗ್ಗೆ ನಾನು ಕಾಲೇಜಿಗೆ ಹೊರಡಲು ತಲೆ ಬಾಚುತ್ತಿದ್ದೆ. ಕರೆಂಟು ಹೋಗಿ ಸ್ವಲ್ಪ ಹೊತ್ತಾಗಿತ್ತು. ಮಾವ ನೀರಾ ಇಳಿಸಿ ತಂದು ಕೊಳಗಕ್ಕೆ ಹುಯ್ದು, ಬಿಸಿಲೇರುತ್ತಿದೆ, ಕರೆಂಟು ಬಂದ ತಕ್ಷಣ ಕಾಯಲು ಶುರುವಾಗಲಿ ಎಂದು ಸ್ವಿಚ್ಚು ಒತ್ತಿ ಹೊರಗೆ ಬಂದಿದ್ದರು. ಅತ್ತೆಗೆ ಅದು ಗೊತ್ತಿರಲಿಲ್ಲ. ಸ್ನಾನ ಮಾಡಿ ಬರಿಗಾಲಲ್ಲಿ ಶೆಡ್ಡಿಗೆ ಹೋದಳು. ನೆಲದ ಮೇಲೆ ನೀರಾ ಚೆಲ್ಲಿತ್ತು. ಸ್ವಿಚ್ಚಿನ ಪಕ್ಕದ ಕೆಂಪು ದೀಪ ಹತ್ತಿರಲಿಲ್ಲ, ಹಾಗಾಗಿ ಆರಿದೆ ಎಂದುಕೊಂಡಳು. ಬಗ್ಗಿ ಮೂರು ಬೆರಳು ಡಬ್ಬಿಗೆ ಇಟ್ಟಳು.

ಒಳಗೆ ನನ್ನ ತಲೆಯ ಮೇಲೆ ಫ್ಯಾನು ತಿರುಗತೊಡಗಿತು. ಕರೆಂಟು ಬಂತು ಅಂದುಕೊಂಡೆ. ಅದೇ ಹೊತ್ತಿಗೆ ಕೊಳಗ ಬಿದ್ದ ಹಾಗೆ ಸದ್ದಾಯಿತು. ಬಿದ್ದದ್ದು ಕೊಳಗವಲ್ಲ.

ಮಾವ ನನಗಿಂತ ಮೊದಲು ಓಡಿ ಸ್ವಿಚ್ಚು ಆರಿಸಿದ್ದರು. ಅತ್ತೆ ತಗಡಿನ ಗೋಡೆಗೆ ಒರಗಿದ ಹಾಗೆ ಬಿದ್ದಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಇರಬಾರದ ಕಡೆ ತಿರುಗಿತ್ತು. ಕಣ್ಣು ತೆರೆದೇ ಇದ್ದವು. ಅವಳು ಮೊದಲು ಹೇಳಿದ ಮಾತು, "ನೀರಾ ಚೆಲ್ತಾ?"

ತುರುವೇಕೆರೆಯ ಆಸ್ಪತ್ರೆಯಲ್ಲಿ ಹೃದಯ ಸರಿಯಾಗಿದೆ ಅಂದರು. ಒಂದು ದಿನ ಇಟ್ಟುಕೊಂಡು, ಮುರಿದ ಕೈಗೆ ಕಟ್ಟು ಹಾಕಿ ಕಳಿಸಿದರು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ವಿಭೂತಿ ಬೆರಳು ಕಣವ್ವಾ, ಅದ್ಕೇ ಪ್ರಾಣ ಉಳೀತು. ಬೇರೆ ಯಾವಾಗಲಾದರೂ ಆಗಿದ್ದರೆ ನಾನು, ವಿಭೂತಿ ಇಡಲು ಹೋಗದಿದ್ದರೆ ಅವಳು ಡಬ್ಬಿ ಮುಟ್ಟುತ್ತಲೇ ಇರಲಿಲ್ಲವಲ್ಲ, ಎಂದುಬಿಡುತ್ತಿದ್ದೆ. ತರ್ಕ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದರ ಮುಂದಿನ ವಾಕ್ಯ ನನಗೆ ಗೊತ್ತಿತ್ತು: ಪ್ಲಾಸ್ಟಿಕ್ ಡಬ್ಬಿಯಾಗಿದ್ದರೆ ಮುಟ್ಟಿದರೂ ಏನೂ ಆಗುತ್ತಿರಲಿಲ್ಲ. ಬಂದವರಿಗೆ ಕಾಫಿ ಕೊಟ್ಟು ಲೋಟ ತೊಳೆದೆ.

ಮಾರನೇ ದಿನ ಮಾವ, ನಾನು ಡಬ್ಬಿ ಬಿಚ್ಚಿದೆವು. ಬಿಸಿಗೆ ಕಾದು ಕಾದು ವಯರಿನ ಮೇಲಿನ ಸಿಪ್ಪೆ ಗರಿಗರಿಯಾಗಿ ಉದುರಿತ್ತು. ಬರಿ ತಾಮ್ರ ಸ್ಟೀಲಿಗೆ ಒರಗಿ ಕೂತಿತ್ತು. ಎಷ್ಟು ದಿನದಿಂದ ಹಾಗೆ ಕೂತಿತ್ತೋ. ಹಾಗೆ ತಗುಲಿದಾಗಲೇ ಫ್ಯೂಸು ಹೋಗಬೇಕಿತ್ತು, ಹೋಗಿರಲಿಲ್ಲ.

"ಆ ಬಲ್ಬು ತತ್ತಾ," ಅಂದರು ಮಾವ.

ಅದೇ ಬಲ್ಬು, ಅವೇ ಎರಡು ವಯರು. ಹಿಡಿದೆ. ಗಾಜಿನೊಳಗಿನ ತಂತಿ ಬೀಡಿಯ ತುದಿಯ ಹಾಗೆ ಕೆಂಪಗಾಯಿತು, ಅಷ್ಟೆ. ಮಾವ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಪಂಪ್‌ಮನೆಯ ಹಿಂದಕ್ಕೆ ಹೋದರು. ಮಡಕೆಯ ಕತ್ತಿಗೆ ನೀರು ಬೀಳುವ ಸದ್ದು ಕೇಳಿಸಿತು. ಒಣಗಿದ ಇದ್ದಿಲು ನೀರು ಕುಡಿಯುವಾಗ ಒಂದು ಥರ ಸುಯ್ಯೆನ್ನುತ್ತದೆ. ಎರಡನೇ ಬಕೆಟ್ಟಿಗೆ ಬಲ್ಬು ಹಳದಿಯಾಯಿತು. ಮೂರನೆಯದಕ್ಕೆ ಬೆಳ್ಳಗೆ, ಮಳೆಗಾಲದಲ್ಲಿ ಉರಿದ ಹಾಗೇ ಉರಿಯಿತು. ನಾನು ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಮಾವ ಖಾಲಿ ಬಕೆಟ್ಟು ಹಿಡಿದು ಬಂದು ಬಲ್ಬಿನ ಕಡೆ ನೋಡಿದರು. "ಕಾಲುವೆ ನೀರು ಕುಡೀತಿತ್ತು ಅದು," ಅಂದರು. "ಯಾರೂ ಕೈಯಾರೆ ಹುಯ್ದಿದ್ದೇ ಇಲ್ಲ. ನಮ್ಮಪ್ಪ ಬೇಕೂ ಅಂತ್ಲೇ ಅಲ್ಲಿ ತೋಡ್ಸಿದ್ದ. ಮರ್ತೇಬುಟ್ಟಿದ್ದೆ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಸ್ವಿಚ್ಚು ಒತ್ತಿದ್ದು ನೀವಲ್ಲವೇ, ಗುಂಡಿಯ ಗುಟ್ಟು ಗೊತ್ತಿದ್ದದ್ದು ನಿಮಗಲ್ಲವೇ ಎನ್ನುತ್ತಿದ್ದೆ. ಅಷ್ಟು ನೀಚಳಾಗಲು ನಾನು ತಯಾರಾಗಿದ್ದೆ. ಅವರು ಆ ಅವಕಾಶವನ್ನೂ ಕೊಡಲಿಲ್ಲ. ಆಮೇಲೆ ಯಾವತ್ತೂ ನನ್ನನ್ನು ನೋಡಿ "ಅಧ್ಯಕ್ಷರೇ" ಅನ್ನಲಿಲ್ಲ.

ಅತ್ತೆಯ ಕಟ್ಟು ಬಿಚ್ಚುವುದರೊಳಗೆ ನಾನು ಎಲ್ಲವನ್ನೂ ಸರಿಪಡಿಸಿದೆ. ಬಿಸಿಗೆ ಮೆತ್ತಗಾಗದ ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿ ತರಿಸಿ ಕೊಳಗಕ್ಕೆ ತಾಗದ ಹಾಗೆ ಕೂರಿಸಿದೆ. ಕಾವು ತಡೆಯುವ ವಯರು ಹಾಕಿದೆ. ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು ಹಾಕಿಸಿ, ದಿನಾ ಒತ್ತಿ ಪರೀಕ್ಷೆ ಮಾಡಿದೆ. ಹೊಸ ಅರ್ತಿಂಗ್ ಗುಂಡಿ ತೋಡಿಸಿ, ಡ್ರಿಪ್ಪಿನ ಒಂದು ಹನಿಯನ್ನು ಅದರ ಬಾಯಿಗೇ ತಿರುಗಿಸಿದೆ. ಇನ್ನು ಯಾವ ಕಡೆಯಿಂದ ನೋಡಿದರೂ ತಪ್ಪು ಹುಡುಕಲಾಗದು ಅನ್ನಿಸಿದ ದಿನ ಅತ್ತೆಯನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಕೊಳಗದಲ್ಲಿ ನೀರು ಕುದಿಯುತ್ತಿತ್ತು. ಒಂದೊಂದನ್ನೂ ತೋರಿಸಿ ವಿವರಿಸಿದೆ. ಅವಳು ಬಾಗಿಲ ಹತ್ತಿರವೇ ನಿಂತು, ಕೊಂಕಾದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಕೊನೆಯವರೆಗೂ ಕೇಳಿದಳು.

"ಎಲ್ಲ ಸರಿ ಐತೆ ಅಂತೀಯ."

"ನೂರಕ್ಕೆ ನೂರು, ಅತ್ತೆ."

"ಮೊದ್ಲೂ ಹಂಗೇ ಅಂದಿದ್ದೆ." ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. "ನೀನು ಮುಟ್ಟವ್ವಾ ಒಂದ್ಸಲ. ಕೈ ಒದ್ದೆ ಮಾಡ್ಕೊಂಡು."

ತಪ್ಪೇನು ಅದರಲ್ಲಿ? ಕೇಳಬೇಕಾದದ್ದನ್ನೇ ಕೇಳಿದ್ದಳು. ಚಪ್ಪಲಿ ಬಿಟ್ಟೆ. ಚೊಂಬಿನ ನೀರಿನಲ್ಲಿ ಬೆರಳು ಅದ್ದಿದೆ. ಮುಂದೆ ಬಗ್ಗಿ ಕೈ ಚಾಚಿದೆ. ಡಬ್ಬಿ ಪ್ಲಾಸ್ಟಿಕ್ಕಿನದು, ಅದಕ್ಕೆ ಕರೆಂಟು ಬರಲು ಸಾಧ್ಯವೇ ಇಲ್ಲ, ಬಂದರೂ ಸ್ವಿಚ್ಚು ಕಡಿಯುತ್ತದೆ, ಕಡಿಯದಿದ್ದರೂ ಅರ್ತು ಇದೆ. ಅಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆರಳುಗಳು ಡಬ್ಬಿಗೆ ಒಂದಂಗುಲ ಇರುವಾಗ ನಿಂತವು. ಒಂದು ಉಸಿರಿನಷ್ಟು ಹೊತ್ತು ಇರಬೇಕು. ಆಮೇಲೆ ಮುಟ್ಟಿದೆ. ಅಂಗೈ ಪೂರಾ ಇಟ್ಟು ಒತ್ತಿದೆ, ಏನೂ ಆಗಲಿಲ್ಲ, ಏನೂ ಆಗುವಂತಿರಲಿಲ್ಲ. ನಗುತ್ತಾ ತಿರುಗಿದೆ.

ಅತ್ತೆ ನೋಡಿದ್ದು ಅಂಗೈಯನ್ನಲ್ಲ. ಆ ಉಸಿರನ್ನು.

"ಬುಡು ಕಣವ್ವಾ," ಅಂದಳು. "ನಿನಗೇ ಹಂಗಾದ್ರೆ, ನಂಗೆ?"

ನಾಲ್ಕು ನಿಮಿಷದ ಮಾತು ನನ್ನೊಳಗೆ ಸಿದ್ಧವಾಗಿತ್ತು: ಭಯ ಬೇರೆ, ಅಪಾಯ ಬೇರೆ, ನನ್ನ ಕೈ ತಡವರಿಸಿದ್ದು ಡಬ್ಬಿಯ ದೋಷಕ್ಕೆ ಸಾಕ್ಷಿಯಲ್ಲ. ಅವಳು ಆಗಲೇ ಅಂಗಳ ದಾಟಿದ್ದಳು.

ಮಾರನೇ ಬೆಳಗ್ಗೆ ಎಡಗೈಯಲ್ಲಿ ವಿಭೂತಿ ತೇಯ್ದು, ಬಲಗೈಯ ಮಡಚಲಾಗದ ಮೂರು ಬೆರಳಲ್ಲಿ ಹಳೆಯ ಒಲೆಯ ಕಲ್ಲಿಗೆ ಗೆರೆ ಎಳೆದಳು. ಗೆರೆಗಳು ಈಗ ನೇರ ಬರುವುದಿಲ್ಲ. ಕಾಯಿಮಟ್ಟೆ ಒಟ್ಟಿ ಬೆಂಕಿ ಹಚ್ಚಿದಳು. ನಾನು ಹೊರಗಿನ ಕಟ್ಟೆಯಲ್ಲಿ ಕೂತು ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಹೊಗೆ ಮೊದಲು ಹೆಂಚಿನ ಸಂದಿಯಿಂದ, ಆಮೇಲೆ ಬಾಗಿಲಿನಿಂದ ಬಂತು. ಅದರ ಹಿಂದೆಯೇ ಅವಳ ಕೆಮ್ಮು ಬಂತು. ಕಂಬ ಹಿಡಿದು ನಿಂತಳೆಂದು ಸದ್ದಿನಲ್ಲೇ ತಿಳಿಯುತ್ತದೆ, ಮಧ್ಯೆ ಒಂದಿಷ್ಟು ಹೊತ್ತು ಏನೂ ಕೇಳಿಸುವುದಿಲ್ಲ. ನಾನು ಕೆಂಪು ಪೆನ್ನು ಹಿಡಿದು, ಆ ಸದ್ದು ಮತ್ತೆ ಶುರುವಾಗುವವರೆಗೂ ಕಾಯುತ್ತಾ ಕೂತಿದ್ದೆ.